ಬಿಯೊವುಲ್ಫ್ ಕೊಳ್ಳುವ ಮುಂಚೆ ಎಡಪುಟ ತೆರೆದು ನೋಡಿ

ಹಳೆಯ ಇಂಗ್ಲಿಷಿನ ವೀರಕಾವ್ಯ ಬಿಯೊವುಲ್ಫ್‌ಗೆ ಐರಿಶ್ ಕವಿ ಶೇಮಸ್ ಹೀನಿ ಮಾಡಿದ ಅನುವಾದ ಒಂದೇ ಹೆಸರಿನಲ್ಲಿ ಮೂರು ಅವತಾರಗಳಲ್ಲಿ ಸಿಗುತ್ತದೆ. ಎಡವುವುದು ಇಲ್ಲೇ. 1999ರ ಫೇಬರ್ ಮುದ್ರಣದಲ್ಲಿರುವುದು ಅನುವಾದ ಮಾತ್ರ. ನಾರ್ಟನ್‌ನ ದ್ವಿಭಾಷಾ ಪೇಪರ್‌ಬ್ಯಾಕ್‌ನಲ್ಲಿ ಎಡಕ್ಕೆ ಹಳೆಯ ಇಂಗ್ಲಿಷ್ ಮೂಲ, ಬಲಕ್ಕೆ ಹೀನಿ. ಆಮೇಲೆ ಬಂದ ಸಚಿತ್ರ ಆವೃತ್ತಿಯಲ್ಲಿ ಖಡ್ಗ, ಶಿರಸ್ತ್ರಾಣ, ಹಡಗುಗಳ ಚಿತ್ರಗಳೇನೋ ಸೊಗಸಾಗಿವೆ, ಆದರೆ ಅವಕ್ಕೆ ಜಾಗ ಮಾಡಲು ಮೂಲವನ್ನೇ ಎತ್ತಿಹಾಕಿದ್ದಾರೆ. ಕೊಳ್ಳಬೇಕಾದದ್ದು ದ್ವಿಭಾಷಾ ಆವೃತ್ತಿ, ಅದೂ ಕಾಗದದ್ದು. ಫೋನಿನ ಪರದೆಯಲ್ಲಿ ಎರಡು ಪುಟ ಎದುರುಬದುರು ಕೂರುವುದಿಲ್ಲ.

ಎಡಪುಟದ ಪಠ್ಯ ರೆನ್ ಮತ್ತು ಬೋಲ್ಟನ್ ಸಂಪಾದನೆಯದು, ಒಟ್ಟು 3182 ಸಾಲು. ಈ ಕಾವ್ಯಕ್ಕೆ ಉಳಿದಿರುವುದು ಕ್ರಿ.ಶ. 1000ರ ಆಸುಪಾಸಿನ ಒಂದೇ ಹಸ್ತಪ್ರತಿ. 1731ರ ಬೆಂಕಿಯಲ್ಲಿ ಅದರ ಅಂಚು ಸುಟ್ಟು, ಆಮೇಲೂ ಪುಡಿಪುಡಿಯಾಗಿ ಉದುರುತ್ತ ಬಂತು. ಹಾಗಾಗಿ ಅಲ್ಲಲ್ಲಿ ಅಕ್ಷರಗಳನ್ನು ಸಂಪಾದಕರು ತುಂಬಿದ್ದಾರೆ.

ಓದುವುದು ಹೆದರುವಷ್ಟು ಕಷ್ಟವಲ್ಲ. ಕೋಲಿಗೆ ಹೊಟ್ಟೆ ಬಂದಂತಿರುವ ಅಕ್ಷರಕ್ಕೆ 'ಥಾರ್ನ್' ಎಂದು ಹೆಸರು, ಇಂಗ್ಲಿಷಿನ 'ಥಿಂಕ್' ಪದದ ಮೊದಲ ಧ್ವನಿ ಅದರದು. ಎರಡು ಸ್ವರಗಳ ನಡುವೆ ಬಂದರೆ ಮೃದುವಾಗುತ್ತದೆ. 'ಎಸ್ ಸಿ' ಜೋಡಿಯನ್ನು ಸಾಮಾನ್ಯವಾಗಿ 'ಶ' ಎನ್ನಬೇಕು. ನಾಲ್ಕನೆಯ ಸಾಲನ್ನು ಬಾಯಿಬಿಟ್ಟು ಓದಿ ನೋಡಿ: ಒಫ್ಟ್ ಶಿಲ್ಡ್ ಶೇವಿಂಗ್, ಶೆಆದೆನಾ ಥ್ರೆಆಟುಮ್. (ಶೇವಿಂಗ್ ಎಂದರೆ ಶೇವನ ಮಗ, ಕ್ಷೌರವಲ್ಲ.) ನಡುವಿನ ನಿಲುಗಡೆಯ ಆಚೆಗೆರಡು ಈಚೆಗೆರಡು ಒತ್ತು. ಮೊದಲ ಮೂರು ಒತ್ತುಗಳಿಗೂ 'ಶ', ನಾಲ್ಕನೆಯದಕ್ಕೆ ಬೇರೆ ಧ್ವನಿ. ಮೂರನೆಯದೇ ಯಜಮಾನ: ಅದರ ಧ್ವನಿಗೆ ಮೊದಲೆರಡರಲ್ಲಿ ಒಂದಾದರೂ ಹೊಂದಲೇಬೇಕು, ನಾಲ್ಕನೆಯದು ಹೊಂದಕೂಡದು. ನಮ್ಮ ಆದಿಪ್ರಾಸ ಪಾದದ ಎರಡನೆಯ ಅಕ್ಷರದಲ್ಲಿ ಕೂತು ಸಾಲಿನಿಂದ ಸಾಲಿಗೆ ಜಿಗಿಯುತ್ತದೆ. ಇಲ್ಲಿ ಆಟವೆಲ್ಲ ಒಂದೇ ಸಾಲಿನೊಳಗೆ, ಒತ್ತು ಬೀಳುವ ಪದದ ಮೊದಲ ಧ್ವನಿಯಲ್ಲಿ.

ಬಲಪುಟದಲ್ಲಿ ಈ ಬಿಗಿ ಸಡಿಲಾಗಿದೆ. ಕೆಲವು ಕಡೆ ಅರ್ಧಸಾಲಿನೊಳಗಷ್ಟೇ ಪ್ರಾಸ ಉಳಿಸಿಕೊಂಡಿರುವುದನ್ನು ಹೀನಿ ಮುನ್ನುಡಿಯಲ್ಲಿ ತಾನೇ ಒಪ್ಪಿಕೊಳ್ಳುತ್ತಾನೆ. ಬದಲಿಗೆ ಸಿಗುವುದು ಉತ್ತರ ಐರ್ಲೆಂಡಿನ ಆಡುಮಾತಿನ ಗತ್ತು. ಅವನ ಅಚ್ಚುಮೆಚ್ಚಿನ ಪದ 'ಥೋಲ್', ಅಂದರೆ ಸಹಿಸು, ತಾಳಿಕೋ. ಅದು ಹಳೆಯ ಇಂಗ್ಲಿಷಿನ 'ಥೋಲಿಯನ್' ಕ್ರಿಯಾಪದದಿಂದಲೇ ಬಂದದ್ದು, ಅವನ ಮನೆಯ ಹಿರಿಯರ ಬಾಯಲ್ಲಿ ಇನ್ನೂ ಬದುಕಿತ್ತು. ಆದರೆ ಆರಂಭದ ಹದಿನೈದು ಸಾಲಿನೊಳಗೆ ಅವನು ಆ ಪದ ಬಳಸಿದ ಕಡೆ ಕಣ್ಣನ್ನು ಎಡಕ್ಕೆ ಹೊರಳಿಸಿ: ಮೂಲದಲ್ಲಿರುವುದು 'ದ್ರುಗೊನ್', ಬೇರೆಯದೇ ಕ್ರಿಯಾಪದ! ಅರ್ಥವೇನೂ ಕೆಟ್ಟಿಲ್ಲ. ಆದರೂ ಈ ಆವೃತ್ತಿಯನ್ನು ಪದಕ್ಕೆ ಪದ ಹೊಂದಿಸಲು ಹೋದರೆ ಹೀಗೇ ಜಾರುತ್ತದೆ. ರಾಜ ಹ್ರೋತ್‌ಗಾರನ ಸಭಾಮಂದಿರಕ್ಕೆ 'ಬಾನ್' ಎಂದಿರುವುದು ಇನ್ನೂ ಬೇಕೆಂದೇ ಮಾಡಿದ್ದು. ಅದು ಐರ್ಲೆಂಡಿಗೆ ಬಂದು ನೆಲೆಯೂರಿದ ಇಂಗ್ಲಿಷರ ಕೋಟೆಮನೆಯ ಹೆಸರು. ರಾತ್ರಿ ಹೊರಗಿನಿಂದ ಗ್ರೆಂಡೆಲ್ ಎಂಬ ರಕ್ಕಸ ಬರುವ ಮನೆಗೆ ಆ ಹೆಸರು ಕೊಟ್ಟದ್ದು ನನಗಂತೂ ಹಿಡಿಸಿತು, ಆದರೆ ಅದು ಹೀನಿಯ ಮಾತು, ಮೂಲದ್ದಲ್ಲ.

ದೊಡ್ಡ ಕೊರತೆ ಎಂದರೆ ಹಿಂದೆ ಪದಕೋಶವಿಲ್ಲ. ಎಡಪುಟದ ಪದ ಹಿಡಿದು ಹೊರಟರೆ ಬಾಸ್‌ವರ್ತ್-ಟಾಲರ್ ನಿಘಂಟನ್ನು ಜೊತೆಗಿಟ್ಟುಕೊಳ್ಳಬೇಕು, ಅಂತರ್ಜಾಲದಲ್ಲಿ ಉಚಿತವಾಗಿದೆ. ವ್ಯಾಕರಣಸಹಿತ ಕಲಿಯುವವರಿಗೆ ಕ್ಲೇಬರ್ ಸಂಪಾದನೆಯ 2008ರ ನಾಲ್ಕನೇ ಆವೃತ್ತಿಯೇ ಸರಿ.

ಕಥೆ ಗ್ರೆಂಡೆಲ್, ಅವನ ತಾಯಿ, ಐವತ್ತು ವರ್ಷ ಕಳೆದು ಡ್ರ್ಯಾಗನ್ ಎಂದು ಮೂರು ಕಾಳಗಗಳಲ್ಲಿ ಸರಾಗ ಹೋಗುತ್ತದೆ. ಓದುಗ ಸಿಕ್ಕಿಬೀಳುವುದು ಎರಡು ಕಡೆ. ಒಂದು, 1070ನೇ ಸಾಲಿನ ಸುಮಾರಿಗೆ ಸಭಾಕವಿ ಹಾಡುವ ಫಿನ್‌ನ ಪ್ರಸಂಗ. ಕೇಳುವವರಿಗೆ ಕಥೆ ಗೊತ್ತಿದೆ ಎಂದೇ ಹಾಡಿದ್ದು, ಆದ್ದರಿಂದ ಮೊದಲ ಸಲ ಅಂಚಿನ ಟಿಪ್ಪಣಿ ಓದಿ ದಾಟಿಬಿಡಿ. ಇನ್ನೊಂದು 2200ನೇ ಸಾಲಿನಿಂದ ಮುಂದೆ, ಸ್ವೀಡರ ಜೊತೆಗಿನ ಯುದ್ಧಗಳು ಕಾಲಾನುಕ್ರಮ ತಪ್ಪಿ, ತುಂಡುತುಂಡಾಗಿ ಬರುವಾಗ. ಪುಸ್ತಕದ ಕೊನೆಯಲ್ಲಿ ಡೇನರು, ಗೀಟರು (ನಾಯಕ ಬಿಯೊವುಲ್ಫ್‌ನ ಜನ), ಸ್ವೀಡರ ವಂಶವೃಕ್ಷಗಳಿವೆ. ಅಲ್ಲೊಂದು ಚೀಟಿ ಇಟ್ಟುಕೊಂಡೇ ಶುರುಮಾಡಿ, ಒನೆಲ ಯಾರು, ಓತೆರೆ ಯಾರು ಎಂದು ಪ್ರತಿ ಸಲ ತಡಕಾಡುವುದು ತಪ್ಪುತ್ತದೆ.

ಹೀನಿಯೇ ಓದಿದ ಧ್ವನಿಮುದ್ರಣ ಬಹಳ ಚೆನ್ನಾಗಿದೆ, ಆದರೆ ಅದು ಸಂಕ್ಷಿಪ್ತ. ಪುಸ್ತಕ ತೆರೆದಿಟ್ಟು ಕೇಳಲು ಕೂತರೆ ನಡುನಡುವೆ ಪುಟಗಳನ್ನು ಹಾರಿಸಬೇಕಾಗುತ್ತದೆ.