ಆರ್‌ಸೆಟಿ ತರಬೇತಿ: ಐದಕ್ಕೆ ನಾಲ್ಕು ಅಂಕ, ಒಂದು ಕಡಿತ ಯಾಕೆ?

ಹಾಸನ, ಚಿಕ್ಕಮಗಳೂರು ಕಡೆ ಉಚಿತ ತರಬೇತಿಯ ಬೋರ್ಡುಗಳಿಗೆ ಬರವಿಲ್ಲ. ಅವುಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗೆ, ಜನ ಕರೆಯುವಂತೆ ಆರ್‌ಸೆಟಿಗೆ, ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆ ಇದರ ಮೂಲ. ಆರ್‌ಸೆಟಿಗಳನ್ನು ನಡೆಸುವವು ಬ್ಯಾಂಕುಗಳು; ಊಟ, ವಸತಿ, ಪಾಠ ಎಲ್ಲ ಉಚಿತ.

ವಸತಿ ಸಣ್ಣ ಅನುಕೂಲವಲ್ಲ. ಮೂಡಿಗೆರೆ, ಸಕಲೇಶಪುರದ ಒಳಹಳ್ಳಿಗಳಿಂದ ದಿನಾ ಬಸ್ಸಿನಲ್ಲಿ ಓಡಾಡುವುದು ಹೆಣ್ಣುಮಕ್ಕಳಿಗೆ ಆಗದ ಮಾತು. ಆದರೆ ಡಿಸೆಂಬರ್, ಜನವರಿಯ ಕಾಫಿ ಕೊಯ್ಲಿನಲ್ಲಿ ಬ್ಯಾಚ್ ಇಟ್ಟರೆ ತೋಟದ ಕೂಲಿ ಬಿಟ್ಟು ಯಾರು ಬಂದಾರು? ಕೊಯ್ಲು ಮುಗಿದ ಮೇಲಿನ ಬ್ಯಾಚೇ ಮೇಲು.

ಇದರ ನಿಜವಾದ ಬಲ, ಕಲಿತು ಹೋದವರನ್ನು ಎರಡು ವರ್ಷ ವಿಚಾರಿಸುತ್ತಿರಬೇಕೆಂಬ ನಿಯಮ. ಸರ್ಟಿಫಿಕೇಟ್ ಎಷ್ಟು ಹಂಚಿದರು ಅನ್ನುವುದು ಲೆಕ್ಕವೇ ಅಲ್ಲ. ಆದರೆ ವಿಚಾರಣೆ ಫೋನಿನಲ್ಲೇ ಮುಗಿದರೆ ಲೆಕ್ಕ ಹಾದಿ ತಪ್ಪುತ್ತದೆ. ಬ್ಯಾಚಿನಲ್ಲಿ 30 ಮಂದಿ ಅಂದುಕೊಳ್ಳಿ. ಫೋನ್ ಎತ್ತಿದವರು 12, ದುಡಿಯುತ್ತಿರುವವರು 9. ಎತ್ತಿದವರ ಲೆಕ್ಕದಲ್ಲಿ ಶೇ. 75, ಬ್ಯಾಚಿನ ಲೆಕ್ಕದಲ್ಲಿ ಖಚಿತವಾಗಿ ಹೇಳಬಹುದಾದದ್ದು ಶೇ. 30 ಮಾತ್ರ. ಬೆಂಗಳೂರಿಗೆ ಹೋದವರು ಸಿಮ್ ಬದಲಿಸುತ್ತಾರೆ. ಸೇರುವಾಗಲೇ ತಾಯಿಯ ನಂಬರ್, ಸ್ತ್ರೀಶಕ್ತಿ ಸಂಘದವರೊಬ್ಬರ ನಂಬರ್ ಬರೆಸಿಕೊಂಡರೆ ಅರ್ಧ ತೊಂದರೆ ಕಳೆಯುತ್ತದೆ. ಪ್ರಶ್ನೆಯೂ "ಕೆಲಸ ಇದೆಯಾ?" ಅಂತಿರಬಾರದು. "ಕಳೆದ ವಾರ ಎಷ್ಟು ದಿನ ದುಡಿದಿರಿ? ಖರ್ಚು ಕಳೆದು ಎಷ್ಟು ಉಳಿಯಿತು?" ಎಂದು ಕೇಳಬೇಕು.

ಇನ್ನೊಂದು ಕೆಲಸ ಆಗಲೇಬೇಕು. ಅರ್ಜಿ ಹೆಚ್ಚಾಗಿ ಸೀಟು ಕಡಿಮೆಯಾದಾಗ, ಅರ್ಹರ ಹೆಸರಿನ ಚೀಟಿ ಎತ್ತಿ ಆರಿಸಿ, ಸೀಟು ಸಿಗದವರ ಪಟ್ಟಿಯನ್ನೂ ಕಾಪಾಡಬೇಕು. ವರ್ಷದ ಮೇಲೆ ಸೀಟು ಸಿಕ್ಕವರಿಗೂ ಸಿಗದವರಿಗೂ ಅದೇ ಪ್ರಶ್ನೆ ಕೇಳಿ. ಸೀಟು ಸಿಗದವರೂ ಅಷ್ಟೇ ಸಂಪಾದಿಸುತ್ತಿದ್ದರೆ ಆ ಕೋರ್ಸ್ ಬದಲಿಸಬೇಕು, ಎಷ್ಟೇ ಚೆನ್ನಾಗಿ ಪಾಠ ಮಾಡಿದ್ದರೂ.

ಒಂದು ಅಂಕ ಕಡಿದದ್ದು, ತರಬೇತಿ ಮುಗಿದ ಮೇಲೆ ಕಸುಬು ಶುರುಮಾಡಲು ಬ್ಯಾಂಕ್ ಸಾಲ ಪಡೆಯುವ ಹಂತಕ್ಕೆ. ಹೊಲಿಗೆ ಕಲಿತವಳಿಗೆ ಮೆಷಿನ್ ಕೈಗೆ ಬರುವಷ್ಟರಲ್ಲಿ ತಿಂಗಳುಗಳು ಉರುಳಿದರೆ ಪಳಗಿದ ಕೈ ಮತ್ತೆ ಹಸಿಯಾಗುತ್ತದೆ. ಮೆಷಿನ್ನಿನ ಕೊಟೇಶನ್, ಯೋಜನಾ ವರದಿ, ಸಾಲದ ಅರ್ಜಿ ಮೂರನ್ನೂ ತರಬೇತಿಯ ಕೊನೆಯ ವಾರದೊಳಗೆ, ಮೇಷ್ಟ್ರು ಎದುರಿಗಿರುವಾಗಲೇ ಮಾಡಿಸಿಕೊಳ್ಳಿ.

ಸೇರುವ ಮುನ್ನ ನಿಮ್ಮದೇ ಕೋರ್ಸಿನ ಹಿಂದಿನ ಬ್ಯಾಚಿನವರು ಅಂಗಡಿ ಎಲ್ಲಿಟ್ಟಿದ್ದಾರೆಂದು ಕೇಳಿ. ಎರಡು ಅಂಗಡಿಗಾದರೂ ಹೋಗಿ, ಕೂತು ಮಾತಾಡಿಸಿಕೊಂಡು ಬನ್ನಿ.