ಎಂ.ಜಿ. ರಸ್ತೆ ಬಳಿಯ ವಿದ್ಯುತ್ ಬಿಡಿಭಾಗಗಳ ಅಂಗಡಿ

ತುಮಕೂರಿನ ಎಂ.ಜಿ. ರಸ್ತೆಗೆ ಸೇರುವ ಅಡ್ಡರಸ್ತೆಯ ಈ ಪುಟ್ಟ ಅಂಗಡಿಗೆ ನಾನು ನಿಧಾನವಾಗಿ ತಿರುಗುತ್ತಿದ್ದ ಫ್ಯಾನಿನ ಕೆಪಾಸಿಟರ್ (ಮೋಟಾರು ತಿರುಗಲು ನೆರವಾಗುವ ಬಿಡಿಭಾಗ) ಹಿಡಿದು ಹೋದಾಗ, ಮಾಲೀಕರು ಅದನ್ನು ಮೀಟರಿಗೆ ಹಚ್ಚಿ, ಸಾಮರ್ಥ್ಯ ಕುಸಿದಿರುವುದನ್ನು ತೋರಿಸಿ, 2.5 ಮೈಕ್ರೋಫ್ಯಾರಡ್ ಸಾಮರ್ಥ್ಯದ ಹೊಸದೊಂದನ್ನು ಕೊಟ್ಟರು. ಹೊಸ ಫ್ಯಾನು ಕೊಳ್ಳಿರೆಂದು ಅವರು ಒಮ್ಮೆಯೂ ಹೇಳಲಿಲ್ಲ.

ಸಿಡ್ನಿಯಲ್ಲಿದ್ದ ವರ್ಷಗಳಲ್ಲಿ ಇಂಥ ಉಪಚಾರದ ನೆನಪು ಅಂಟಿಕೊಂಡಿದ್ದದ್ದು ಡಿಕ್ ಸ್ಮಿತ್ ಎಂಬ ಎಲೆಕ್ಟ್ರಾನಿಕ್ಸ್ ಮಳಿಗೆಗಳ ಹೆಸರಿಗೆ. 1968ರಲ್ಲಿ ಕಾರ್ ರೇಡಿಯೋ ಕೆಲಸದಿಂದ ಆರಂಭವಾಗಿ, ರೆಸಿಸ್ಟರ್, ಟ್ರಾನ್ಸಿಸ್ಟರ್ ಮತ್ತು ಮನೆಯಲ್ಲೇ ಜೋಡಿಸುವ ಕಿಟ್‌ಗಳಿಂದ ಹವ್ಯಾಸಿಗಳ ಮನೆಮಾತಾದ ಆ ಸಂಸ್ಥೆ, ಆಸ್ಟ್ರೇಲಿಯಾದ ಸೂಪರ್‌ಮಾರ್ಕೆಟ್ ಕಂಪನಿ ವೂಲ್‌ವರ್ತ್ಸ್ ಕೈಸೇರಿದ ಮೇಲೆ ಕ್ರಮೇಣ ಬಿಡಿಭಾಗಗಳನ್ನು ಕೈಬಿಟ್ಟು ಟಿವಿ, ಮೊಬೈಲ್‌ಗಳತ್ತ ಹೊರಳಿತು. 2012ರಲ್ಲಿ ಮತ್ತೆ ಮಾರಾಟವಾಗಿ, 2016ರ ಜನವರಿಯಲ್ಲಿ ಸಾಲ ಕೊಟ್ಟವರು ನೇಮಿಸಿದ ಆಡಳಿತಗಾರರ ವಶವಾಗಿ, ಕೆಲವೇ ತಿಂಗಳಲ್ಲಿ 300ಕ್ಕೂ ಹೆಚ್ಚು ಮಳಿಗೆಗಳನ್ನು ಮುಚ್ಚಿತು. ಆನ್‌ಲೈನ್ ವ್ಯಾಪಾರ ಕಂಪನಿ ಕೊಗನ್ ಕೊಂಡ ಆ ಹೆಸರು ಬಳಿಕ ಆನ್‌ಲೈನ್ ಮಾರಾಟಕ್ಕಷ್ಟೇ ಉಳಿಯಿತು. ಬೆಲೆ ಅಗ್ಗವಾಗಿರಬಹುದು, ಆದರೆ ಕೆಟ್ಟ ಭಾಗವನ್ನು ಕೈಯಲ್ಲಿ ಹಿಡಿದು ನೋಡುವವರು ಪರದೆಯ ಆಚೆ ಇಲ್ಲ.

ತುಮಕೂರಿನ ಈ ಅಂಗಡಿಯ ಕೊರತೆಯೆಂದರೆ ಕೇಳದೆ ರಸೀದಿ ಸಿಗುವುದಿಲ್ಲ, ಸ್ಥಳವೂ ಇಕ್ಕಟ್ಟು. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿರುತ್ತದೆ; ಹೋಗುವವರು ಹಳೆಯ ಬಿಡಿಭಾಗವನ್ನು ತಪ್ಪದೆ ಜೊತೆಗೆ ಒಯ್ಯಬೇಕು.