ಮುದಿ ನಾಯಿ ಇದ್ದಕ್ಕಿದ್ದಂತೆ ಓಲಾಡಿ ಬಿದ್ದರೆ 'ಸ್ಟ್ರೋಕ್' ಅಂದಕೂಡಲೇ ದುಡ್ಡು ಕಟ್ಟಬೇಡಿ, ನಾನು ಕಟ್ಟಿ ಮೋಸಹೋದೆ

ನಮ್ಮ ಜಿಮ್ಮಿಗೆ 13 ವರ್ಷ. ರಾತ್ರಿ ಮಲಗುವಾಗ ಚೆನ್ನಾಗೇ ಇದ್ದಳು. ಬೆಳಗ್ಗೆ ನೋಡಿದರೆ ನಿಲ್ಲೋಕೇ ಆಗ್ತಿಲ್ಲ. ಎದ್ದರೆ ಎಡಕ್ಕೆ ದೊಪ್ಪನೆ ಬೀಳ್ತಾಳೆ, ತಲೆ ಎಡಕ್ಕೆ ವಾಲಿದೆ, ಕಣ್ಣುಗುಡ್ಡೆಗಳು ಆ ಕಡೆ ಈ ಕಡೆ ಪಟಪಟ ಓಡ್ತಿವೆ, ವಾಂತಿ ಬೇರೆ. ನನಗೆ ಕೈಕಾಲೇ ಆಡಲಿಲ್ಲ.

ಎತ್ತಿಕೊಂಡು ಒಂದು ಕ್ಲಿನಿಕ್‌ಗೆ ಓಡಿದೆ. ಡಾಕ್ಟರು ನಿಂತಲ್ಲಿಂದಲೇ ನೋಡಿ "ಬ್ರೈನ್ ಸ್ಟ್ರೋಕ್" ಅಂದುಬಿಟ್ಟರು. ಕಿವಿಯೊಳಗೆ ಬೆಳಕು ಬಿಟ್ಟು ನೋಡಲಿಲ್ಲ. ಪಾದ ಮಡಚಿ ಇಟ್ಟರೆ ಅವಳೇ ಸರಿಮಾಡಿಕೊಳ್ತಾಳಾ ಅಂತ ನೋಡಲಿಲ್ಲ. ಏನೂ ನೋಡಲಿಲ್ಲ. "ಹತ್ತು ದಿನ ಮೆದುಳಿನ ಇಂಜೆಕ್ಷನ್ ಕೊಡಲೇಬೇಕು. ಆಗಲ್ಲ ಅಂದ್ರೆ ಹೇಳಿ, ನೆಮ್ಮದಿಯಾಗಿ ಕಳಿಸಿಕೊಡೋಣ." ಹತ್ತೂ ದಿನದ ದುಡ್ಡು ಮುಂಗಡ. ಅಳುತ್ತಲೇ ಕಟ್ಟಿದೆ. ಸೀಸೆಗಳನ್ನು ನನ್ನ ಕೈಗೇ ಕೊಟ್ಟು, ಫ್ರಿಜ್‌ನಲ್ಲಿಟ್ಟು ದಿನಾ ಒಂದೊಂದು ತನ್ನಿ ಅಂದರು. ಲೇಬಲ್ ಒಂದು ಸಲವೂ ಓದಲಿಲ್ಲ ನಾನು.

ಮೂರನೇ ದಿನ ಕಣ್ಣಿನ ಓಟ ಕಮ್ಮಿ ಆಯ್ತು. ಜಿಮ್ಮಿ ಗೋಡೆಗೆ ಒರಗಿಕೊಂಡು ನಾಲ್ಕು ಹೆಜ್ಜೆ ಹಾಕಿದಳು. "ನೋಡಿದ್ರಾ ನಮ್ಮ ಇಂಜೆಕ್ಷನ್ನು?" ಅಂದರು. ನಾನು ಎಲ್ಲರೆದುರು ಕೈಮುಗಿದು ಅತ್ತೆ. ಪರಿಚಯದ ಇಬ್ಬರಿಗೆ ಅಲ್ಲಿಗೇ ಹೋಗಿ ಅಂತ ಹೇಳಿದೆ ಕೂಡ. ಅದನ್ನ ನೆನೆದರೆ ಈಗಲೂ ಮುಖ ಎತ್ತೋಕಾಗಲ್ಲ.

ಆರನೇ ದಿನ ಅವರು ರಜೆ. ಡೋಸ್ ತಪ್ಪಬಾರದಲ್ಲ ಅಂತ ಬೇರೆ ಡಾಕ್ಟರ ಹತ್ತಿರ ಹೋದೆ. ಆಯಮ್ಮ ಸೀಸೆ ತಿರುಗಿಸಿ ಓದಿ, "ಇದನ್ನ ಯಾತಕ್ಕೆ ಕೊಡ್ತಿದ್ದಾರೆ?" ಅಂದರು. ಸ್ಟ್ರೋಕ್‌ಗೆ ಅಂದೆ. "ಅಮ್ಮಾ, ಇದು ಬಿ ವಿಟಮಿನ್."

ಬಿ ವಿಟಮಿನ್!

ಅವರು ಕಿವಿ ನೋಡಿದರು, ನಾಲ್ಕೂ ಪಾದ ನೋಡಿದರು, ನಡೆಸಿ ನೋಡಿದರು. ಒಳಕಿವಿಯಲ್ಲಿ ಸಮತೋಲನ ನೋಡಿಕೊಳ್ಳೋ ಭಾಗ ಇರುತ್ತದೆ, ವಯಸ್ಸಾದ ನಾಯಿಗಳಲ್ಲಿ ಅದು ಕಾರಣವೇ ಗೊತ್ತಾಗದೆ ಒಮ್ಮೆಲೇ ಕೆಡುತ್ತದೆ, ವೆಸ್ಟಿಬ್ಯುಲರ್ ತೊಂದರೆ ಅಂತಾರಂತೆ. ಮೊದಲ ಒಂದೆರಡು ದಿನ ಭಯಂಕರ, ಸಾಮಾನ್ಯವಾಗಿ 72 ಗಂಟೆಯೊಳಗೆ ಇಳಿಯೋಕೆ ಶುರು, ಎರಡು ಮೂರು ವಾರದಲ್ಲಿ ಬಹುಪಾಲು ಸರಿ. ಗುಣಪಡಿಸೋ ಔಷಧಿ ಅಂತ ಯಾವುದೂ ಇಲ್ಲ, ವಾಂತಿಗೆ ಮಾತ್ರ ಕೊಡೋದು. ಅಂದರೆ ಮೂರನೇ ದಿನ ಅವಳು ತಾನಾಗೇ ಎದ್ದಿದ್ದಳು. ನಾನು ಕೈಮುಗಿದಿದ್ದು ವಿಟಮಿನ್ನಿಗೆ.

ವಾಪಸ್ ಹೋಗಿ ಕೇಳಿದೆ. "ನೀವು ಡಾಕ್ಟರಾ?" ಅಂದರು. "ನಾಯಿ ನಡೀತಿದೆ ತಾನೇ, ಇನ್ನೇನು ಬೇಕು?" ಉಳಿದ ದಿನಗಳ ದುಡ್ಡು ಕೇಳಿದ್ದಕ್ಕೆ "ಕೋರ್ಸ್ ಅರ್ಧಕ್ಕೆ ಬಿಟ್ಟವರು ನೀವು" ಅಂದರು. ಹೊರಡುವಾಗ ಬೆನ್ನ ಹಿಂದಿನಿಂದ, "ಮತ್ತೆ ಬಿದ್ದರೆ ಇಲ್ಲಿಗೆ ತರಬೇಡಿ."

ದುಡ್ಡು ಹೋಗಲಿ. ಆ ದಿನ ನನ್ನ ಕೈಯಲ್ಲಿ ದುಡ್ಡಿಲ್ಲದಿದ್ದರೆ? "ಕಳಿಸಿಕೊಡೋಣ" ಅಂದಿದ್ದಕ್ಕೆ ಹೂಂ ಅಂದುಬಿಡ್ತಿದ್ದೆ. ಮೂರು ದಿನದಲ್ಲಿ ಎದ್ದು ನಿಲ್ಲೋ ನಾಯಿಯನ್ನ ನಾನೇ ಕೊಲ್ಲಿಸ್ತಿದ್ದೆ. ರಾತ್ರಿ ನಿದ್ದೆ ಬರದಿರೋದು ಇದಕ್ಕೆ.

ಡಾಕ್ಟರ ಹತ್ತಿರ ಹೋಗಲೇಬೇಡಿ ಅಂತಲ್ಲ, ತಕ್ಷಣ ಹೋಗಿ. ಕಿವಿಯ ಸೋಂಕೂ ಇರಬಹುದು, ನಿಜವಾದ ಸ್ಟ್ರೋಕೂ ಆಗುತ್ತದೆ. ಕಣ್ಣುಗುಡ್ಡೆ ಮೇಲೆ ಕೆಳಗೆ ಓಡ್ತಿದ್ದರೆ, ಮಡಚಿದ ಪಾದ ಹಾಗೇ ಇದ್ದರೆ, ಮಂಕಾಗಿ ಬಿದ್ದಿದ್ದರೆ ಮೆದುಳಿನ ಅನುಮಾನ ಜಾಸ್ತಿಯಂತೆ. ಆದರೆ ಕಿವಿ, ಪಾದ ನೋಡದೆ ಸ್ಟ್ರೋಕ್ ಅಂದವರಿಗೆ ಮುಂಗಡ ಕೊಡಬೇಡಿ. ಸೀಸೆ ಮೇಲೆ ಏನಿದೆ ಓದಿ. ಮನೆಯಲ್ಲಿ ಜಾರದ ಚಾಪೆ ಹಾಸಿ, ಮೆಟ್ಟಿಲಿಗೆ ಅಡ್ಡ ಇಡಿ, ನಡೆಸುವಾಗ ಹೊಟ್ಟೆ ಕೆಳಗೆ ಟವೆಲ್ ಕೊಟ್ಟು ಹಿಡ್ಕೊಳ್ಳಿ. ಸುಮ್ಮನೆ ಎತ್ತಿಕೊಂಡು ತಿರುಗಬೇಡಿ, ತಲೆಸುತ್ತು ಜಾಸ್ತಿ ಆಗುತ್ತದೆ.

ಜಿಮ್ಮಿ ಈಗ ಓಡಾಡ್ತಾಳೆ, ತಲೆ ಮಾತ್ರ ಸ್ವಲ್ಪ ವಾರೆ ಉಳಿದಿದೆ. ನಾನು ಅಲ್ಲಿಗೆ ಕಳಿಸಿದ್ದ ಇಬ್ಬರಿಗೂ ಫೋನ್ ಮಾಡಿದೆ. ಒಬ್ಬರು ಆಗಲೇ ದುಡ್ಡು ಕಟ್ಟಿದ್ದರು. ಅವರ ನಾಯಿಯ ಕಾಲುನೋವಿಗೂ ಅದೇ ಹತ್ತು ಇಂಜೆಕ್ಷನ್.